ನಮ್ಮ ಮನೆಯ ಮೇಲೆ ನಿಂತ ಚಿಕ್ಕಿ

ರಾಶಿ ಮುಗಿದು ಕಣಗಳೆಲ್ಲ ಬರಿದಾದ ಮೇಲೆ ನಮ್ಮ ಊರಿಗೆ ಆಕಾಶದಿಂದ ಒಂದು ಚಿಕ್ಕಿ, ಒಂದು ನಕ್ಷತ್ರ, ಬರುತ್ತದೆ. ಇಳಿಯುವ ಮೊದಲು ಯಾರದಾದರೊಂದು ಮನೆಯ ಮೇಲೆ ಬಂದು ನಿಲ್ಲುತ್ತದೆ. ಉಳಿದ ಚಿಕ್ಕಿಗಳು ಮೂಡುತ್ತ, ಸರಿಯುತ್ತ, ಮುಳುಗುತ್ತ ಇದ್ದರೆ ಅದೊಂದು ಮಾತ್ರ ಕದಲುವುದಿಲ್ಲ. ಹಾಗೆ ನಿಂತಿತೆಂದರೆ ಆ ಮನೆಯವರು ಜಾಗ ಮಾಡಿಕೊಡಬೇಕು. ವಾರದೊಳಗೆ ಇಳಿಯುತ್ತದೆ, ಒಂದಷ್ಟು ದಿನ ಇರುತ್ತದೆ, ಆಮೇಲೆ ತನ್ನ ಪಾಡಿಗೆ ತಾನು ಏರಿ ಹೋಗುತ್ತದೆ. ಬಾಗಿಲಿಗೆ ಬಂದ ಬೀಗರಿಗೆ ಹೇಗೆ ಬೇಡ ಅನ್ನುವುದಿಲ್ಲವೋ ಹಾಗೆ ಚಿಕ್ಕಿಗೂ ಯಾರೂ ಬೇಡ ಅಂದದ್ದಿಲ್ಲ.

ಒಂದು ವರ್ಷ ನೇಕಾರರ ಮನೆಗೆ ಬಂದದ್ದು ತೆಂಗಿನಕಾಯಿಯಷ್ಟಿತ್ತು. ಬೋಗುಣಿಯಲ್ಲಿ ಬೂದಿ ಹಾಸಿ ಇಟ್ಟುಕೊಂಡು, ಅದರ ಬೆಳಕಿನಲ್ಲಿ ರಾತ್ರಿಯೂ ಮಗ್ಗ ನಡೆಸಿದರು. ಇನ್ನೊಂದು ವರ್ಷದ್ದು ಎತ್ತಿನ ಗಾತ್ರ. ಆ ಮನೆಯವರು ಅದಕ್ಕೆ ಕೊಟ್ಟಿಗೆ ಬಿಟ್ಟುಕೊಟ್ಟು ದನಗಳನ್ನು ಪಡಸಾಲೆಯಲ್ಲಿ ಕಟ್ಟಿಕೊಂಡರು. ಹಿಂದಿನ ಓಣಿಯ ಕಾಶವ್ವನಿಗೆ ಒದಗಿದ್ದು ಮನೆಗಿಂತ ದೊಡ್ಡ ಚಿಕ್ಕಿ. ಮನೆಯನ್ನು ಪೂರ್ತಿ ಬಿಚ್ಚಿ, ತೊಲೆ ಕಂಬಗಳನ್ನು ಒಟ್ಟಿ, ಬರೀ ನೆಲ ಮಾಡಿಕೊಟ್ಟಳು. ಜಾಗ ಸಾಲದೆ ಹೋದರೆ ಚಿಕ್ಕಿ ಗೋಡೆಗಳನ್ನು ತಳ್ಳುತ್ತದೆ. ಸಿಟ್ಟಿನಿಂದಲ್ಲ, ನಿದ್ದೆಗಣ್ಣಿನಲ್ಲಿ ಮಗ್ಗುಲಾಗುವವರ ಹಾಗೆ. ಆದರೆ ತಲೆಯ ಮೇಲಿನ ಮಣ್ಣಿನ ಮಾಳಿಗೆ ಮೈಮೇಲೆ ಬಿದ್ದವರಿಗೆ ಎರಡೂ ಒಂದೇ.

ಹಾಗಾಗಿ ಇಳಿಯುವ ಮೊದಲೇ ಅದರ ಗಾತ್ರ ತಿಳಿಯಬೇಕು. ಕಣ್ಣಿನಿಂದ ತಿಳಿಯುವುದಿಲ್ಲ, ಎಷ್ಟೇ ದೊಡ್ಡದಿರಲಿ, ಮೇಲೆ ನಿಂತಿರುವಷ್ಟು ಹೊತ್ತು ಅದೊಂದು ಚುಕ್ಕೆ. ಅದರ ಬೆಳಕು ಎಷ್ಟು, ಬಿಸಿ ಎಷ್ಟು ಎಂದು ನೋಡಿ, ಎರಡನ್ನೂ ಕೂಡಿಸಿ ಗಾತ್ರ ಹೇಳುತ್ತೇವೆ. ಬೆಳಕು ನೋಡುವುದು ನನ್ನ ಕೆಲಸ. ನಮ್ಮ ಅತ್ತೆ ಮಾಡುತ್ತಿದ್ದರು, ಅವರ ನಂತರ ನನಗೆ ಬಂತು. ಓಣಿಯ ತುದಿಯಲ್ಲಿ ಸುಣ್ಣ ಬಳಿದ ಒಂದು ಚಪ್ಪಡಿ ಕಲ್ಲಿದೆ. ಅದರ ನಡುವೆ ಕೋಲು ನಿಲ್ಲಿಸುತ್ತೇನೆ. ಚಿಕ್ಕಿಯ ಬೆಳಕಿಗೆ ಕೋಲಿನ ನೆರಳು ಒಂದು ಕಡೆ ಬೀಳುತ್ತದೆ. ತುಸು ದೂರದಲ್ಲಿ ಹಣತೆ ಹಚ್ಚಿಟ್ಟರೆ ಇನ್ನೊಂದು ಕಡೆ ಇನ್ನೊಂದು ನೆರಳು. ಎರಡೂ ಸಮನಾಗಿ ಕಪ್ಪಾಗುವ ತನಕ ಹಣತೆ ಹೆಚ್ಚಿಸುತ್ತ ಹೋಗುತ್ತೇನೆ. ನಿಂತ ಚಿಕ್ಕಿಗಳೆಲ್ಲ ಒಂದೇ ಎತ್ತರದಲ್ಲಿ ನಿಲ್ಲುವುದರಿಂದ ದೂರದ ತಕರಾರು ಇಲ್ಲ.

ಬಿಸಿ ನೋಡುವವನು ಕಮ್ಮಾರ ಮೋನಪ್ಪ. ಕಬ್ಬಿಣ ಕಾಯುತ್ತ ಹೋದಂತೆ ಮೊದಲು ಕೆಂಪಾಗುತ್ತದೆ, ಆಮೇಲೆ ಕಿತ್ತಳೆ, ಹಳದಿ, ಕಡೆಗೆ ಬಿಳುಪು. ಅವನು ಚಿಕ್ಕಿಯ ಬಣ್ಣ ನೋಡಿ ಅದು ಎಷ್ಟು ಕಾದಿದೆ ಎಂದು ಹೇಳುತ್ತಾನೆ. ಬಿಳುಪಾಗಿ ಕಾದ ಒಂದು ಮೊಳೆಯಷ್ಟು ಬೆಳಕು ಕೆಂಡದಿಂದ ಬರಬೇಕಾದರೆ ಒಲೆ ತುಂಬ ಕೆಂಡ ಹರಡಬೇಕು. ಚಿಕ್ಕಿಯದೂ ಹಾಗೆಯೇ. ಬೆಳಕು ಜೋರಾಗಿದ್ದು ಬಣ್ಣ ಕೆಂಪಾಗಿದ್ದರೆ ಮೈ ದೊಡ್ಡದಿರಲೇಬೇಕು. ಅಷ್ಟೇ ಬೆಳಕಿದ್ದು ಬಣ್ಣ ಬಿಳಿಯಾಗಿದ್ದರೆ ಮೈ ಸಣ್ಣದು. ಬಿಸಿ ಎರಡು ಪಟ್ಟಾದರೆ ಅದೇ ಮೈಯಿಂದ ಬರುವ ಬೆಳಕು ಹದಿನಾರು ಪಟ್ಟು ಎಂದು ನಮ್ಮ ಅತ್ತೆ ಕಲಿಸಿದ್ದರು. ಅಂದಮೇಲೆ ಅದೇ ಬೆಳಕಿಗೆ ಹದಿನಾರರಲ್ಲಿ ಒಂದು ಪಾಲು ಮೈ, ಅಂದರೆ ಕಾಲು ಭಾಗ ಅಗಲ ಸಾಕು.

ಆ ವರ್ಷ ಚಿಕ್ಕಿ ಮುಂಚಿತವಾಗಿ ಬಂತು. ಜೋಳ ಚೆನ್ನಾಗಿ ಬೆಳೆದು, ಕಣಗಳಲ್ಲಿ ಇನ್ನೂ ರಾಶಿ ನಡೆದಿತ್ತು. ಒಂದು ಸಂಜೆ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಹೊಲದಿಂದ ಬಂದ ಮಗ ಮುತ್ತಣ್ಣ ಕೈಕಾಲು ತೊಳೆಯುವುದನ್ನೂ ಮರೆತು ತಲೆಯೆತ್ತಿ ನಿಂತುಬಿಟ್ಟ. ಏನೋ ಅಂತ ಕೇಳಿದೆ. ಅವನು ಮೇಲೆ ಕೈ ತೋರಿಸಿದ. ಎದ್ದು ನಾನೂ ನೋಡಿದೆ. ನಮ್ಮ ಮಾಳಿಗೆಯ ನೆತ್ತಿಗೆ ಸರಿಯಾಗಿ, ಕೆಂಪಗೆ, ಕಣ್ಣು ಕುಕ್ಕುವ ಒಂದು ಚಿಕ್ಕಿ ನಿಂತಿತ್ತು.

ಬೇರೆ ವರ್ಷವಾಗಿದ್ದರೆ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದೆ. ಆ ಸಂಜೆ ಮೊದಲು ಬಾಗಿಲ ಕಡೆ ತಿರುಗಿ ನೋಡಿದೆ. ಒಳಗೆ ನಡುಮನೆಯಲ್ಲಿ ಸೊಸೆ ದಾನಮ್ಮ ಮಲಗಿದ್ದಳು.

ದಾನಮ್ಮನಿಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಎರಡನೆಯದಂತೂ ಏಳು ತಿಂಗಳು ತುಂಬಿದ ಮೇಲೆ, ತವರಿಗೆ ಹೊರಟು ಚಕ್ಕಡಿ ಗಾಡಿ ಹತ್ತಿದ ದಿನವೇ. ಮೂರನೆಯ ಸಲ ನಿಂತಾಗ ಸೂಲಗಿತ್ತಿ ಹುಸೇನಬಿ ಮಂಚ ಹಿಡಿಸಿಬಿಟ್ಟಿದ್ದಳು. ಕೂಡಬಾರದು, ನಿಲ್ಲಬಾರದು, ಹೆರಿಗೆಯಾಗುವ ತನಕ ಮಂಚ ಸಹ ಅಲುಗಬಾರದು. ನಾನು ತುತ್ತು ಮಾಡಿ ತಿನ್ನಿಸುತ್ತಿದ್ದೆ, ಮುತ್ತಣ್ಣ ಸಂಜೆ ಕಾಲೊತ್ತುತ್ತಿದ್ದ. ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಗವಾಕ್ಷಿ ಅವಳ ದಿಂಬಿಗೆ ನೇರವಾಗಿತ್ತು. ಅಂಗೈ ಅಗಲದ ಆ ಆಕಾಶವನ್ನು ನೋಡುತ್ತ ಅವಳು ತಿಂಗಳುಗಳನ್ನು ಕಳೆದಿದ್ದಳು. ಎಂಟು ತುಂಬಿ ಒಂಬತ್ತರಲ್ಲಿ ಬಿದ್ದಿತ್ತು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಮರುದಿನ ಸಂಜೆ ಅಳತೆಗೆ ಊರೇ ಸೇರಿತು. ಊರ ಗೌಡರು ಬಂದರು, ಎಡಬಲದ ಮನೆಯವರು ಬಂದರು. ಮೋನಪ್ಪ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದ. ಎಂದೂ ಇಷ್ಟು ಹೊತ್ತು ತೆಗೆದುಕೊಂಡವನಲ್ಲ. ಕಡೆಗೆ, ಹಣ್ಣುಮೆಣಸಿನಕಾಯಿಯ ಕೆಂಪು, ಅದಕ್ಕಿಂತ ಮೇಲಿಲ್ಲ ಎಂದು ನೆಲ ನೋಡುತ್ತ ಹೇಳಿದ. ನಾನು ಕೋಲು ನಿಲ್ಲಿಸಿ ಹಣತೆ ಹಚ್ಚತೊಡಗಿದೆ. ನನ್ನ ಬುಟ್ಟಿಯ ಹಣತೆಗಳು ಮುಗಿದವು, ನೆರಳು ಸಮನಾಗಲಿಲ್ಲ. ಪಕ್ಕದ ಮನೆಗಳಿಂದ ತರಿಸಿದೆ.

ಹಚ್ಚುತ್ತ ಹಚ್ಚುತ್ತ ಒಂದು ಯೋಚನೆ ಬಾರದೆ ಹೋಗಲಿಲ್ಲ. ಇಲ್ಲಿಗೇ ನಿಲ್ಲಿಸಿ, ನೆರಳು ಸಮ ಆಯಿತು ಅಂದರೆ ಯಾರು ಬಗ್ಗಿ ನೋಡುತ್ತಾರೆ? ಆದರೆ ಆ ಸುಳ್ಳು ಯಾರ ಮೈಮೇಲೆ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಮಾಳಿಗೆಯ ಕೆಳಗೆ ಮಲಗಿದ್ದವಳು ನಮ್ಮ ದಾನಮ್ಮನೇ. ಸಮ ಆಗುವ ತನಕ ಹಚ್ಚಿದೆ. ಲೆಕ್ಕ ಕೂಡಿಸಿದಾಗ ಒಂಬತ್ತು ಮಾರು ಬಂತು. ಎರಡೂ ಕೈ ಚಾಚಿದರೆ ಒಂದು ಮಾರು. ನಮ್ಮ ಮನೆಯ ಅಗಲವೇ ಐದು. ನಮ್ಮ ಮನೆ ಪೂರ್ತಿ ಹೋಗಿ, ಎಡಬಲದವರ ಗೋಡೆಗಳೂ ಬಿಚ್ಚಬೇಕು.

ನೆರೆಯವರು ಬೈಯಲಿಲ್ಲ, ಪಾತ್ರೆಪಗಡೆ ಹೊರಗಿಡಲು ಸುಮ್ಮನೆ ಎದ್ದುಹೋದರು. ಗೌಡರು ಹುಸೇನಬಿಯನ್ನು ಕರೆಸಿದರು. ಮಂಚ ಸಮೇತ ಎತ್ತಿಕೊಂಡು ಹೋದರೆ ಹೇಗೆ, ಬಾಗಿಲು ಚೌಕಟ್ಟು ಕಿತ್ತು ಅಗಲ ಮಾಡಿದರೆ ಹೇಗೆ ಎಂದೆಲ್ಲ ಕೇಳಿದರು. ಅವಳು ಒಳಗೆ ಹೋಗಿ ದಾನಮ್ಮನ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದಳು.

"ಎತ್ತಿದ್ರ ಕೂಸು ಉಳಿಯೂದಿಲ್ಲ, ಎತ್ತದಿದ್ರ ಮಾಳಿಗಿ ಬೀಳ್ತೈತಿ. ಇದರಾಗ ನಾ ಏನ್ ಹೇಳ್ಲಿ, ನಿಂಬೆವ್ವ?" ಅಂದಳು ನನಗೆ. ಆಮೇಲೆ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡಳು. ನಮ್ಮ ಊರಿನ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದವಳು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಬೆಳಿಗ್ಗೆ ಹಿತ್ತಲ ಕಡೆಯಿಂದ ಬಿಚ್ಚಲು ಶುರು ಮಾಡುವುದು, ನಡುಮನೆಯನ್ನು ಕಡೆಗೆ ಮುಟ್ಟುವುದು, ಅಷ್ಟರಲ್ಲಿ ಹೆರಿಗೆಯಾದರೆ ಆಯಿತು ಎಂದು ಗೌಡರು ತೀರ್ಮಾನ ಮಾಡಿದರು. ಆಗದಿದ್ದರೆ ಏನು ಎಂಬ ಮಾತನ್ನು ಆ ದಿನಕ್ಕೇ ಬಿಟ್ಟೆವು.

ನಸುಕಿನಲ್ಲಿ ಎದ್ದು ನೀರೊಲೆಗೆ ಕಟ್ಟಿಗೆ ಒಡ್ಡುತ್ತಿದ್ದೆ. ಮನೆ ಬಿಚ್ಚುವ ದಿನವೂ ಸ್ನಾನಕ್ಕೆ ನೀರು ಬೇಕಲ್ಲ. ದಾನಮ್ಮ ಒಳಗಿನಿಂದ ಮೆಲ್ಲಗೆ ಕರೆದಳು. ಹೋದೆ. ಅವಳ ಕಣ್ಣು ಗವಾಕ್ಷಿಯಲ್ಲೇ ಇತ್ತು.

"ಅತ್ತೀ, ಎಲ್ಲಾರೂ ಇದಕ್ಕ ಕೆಂಪ ಚಿಕ್ಕಿ ಅಂತ ಯಾಕ ಅಂತೀರಿ?" ಎಂದು ಕೇಳಿದಳು.

ಕೆಂಪಿದೆಯಲ್ಲ, ಅದಕ್ಕೇ ಎಂದೆ.

"ಸಂಜಿಗಷ್ಟ ಕೆಂಪ ಇರ್ತೈತ್ರಿ. ಹೊತ್ತು ಹೋದಂಗ ಬಣ್ಣ ಬಿಡ್ತೈತಿ. ಈಗ ನೋಡ್ರಿ, ಹಾಲಿನಂಗ ಐತಿ. ನಿನ್ನಿ ನಸುಕಿನ್ಯಾಗೂ ಹಿಂಗ ಇತ್ತು."

ನಾನು ಮಂಚದ ಪಕ್ಕ ನೆಲದ ಮೇಲೆ ಕೂತು, ಅವಳ ದಿಂಬಿಗೆ ನನ್ನ ತಲೆ ತಾಗಿಸಿ ಮೇಲೆ ನೋಡಿದೆ. ಗವಾಕ್ಷಿಯ ನಡುವೆ ಚಿಕ್ಕಿ ಬೆಳ್ಳಗೆ ಉರಿಯುತ್ತಿತ್ತು. ಬರೀ ಬಿಳುಪಲ್ಲ, ಅಂಚಿನಲ್ಲಿ ಅಷ್ಟೋ ಇಷ್ಟೋ ನೀಲಿ. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಅಳೆಯುವವರು ನೀವು, ನಿಮಗೆ ಗೊತ್ತೇ ಇರುತ್ತದೆ ಅಂತ ಸುಮ್ಮನಿದ್ದೆ ಎಂದಳು. ಮಲಗಿದವಳನ್ನು ಯಾರಾದರೂ ಏನಾದರೂ ಕೇಳಿದ್ದರೆ ತಾನೆ ಅವಳು ಹೇಳುವುದು?

ಓಡಿದೆ. ಚಪ್ಪಡಿಯ ಮೇಲೆ ಕೋಲು ನಿಲ್ಲಿಸಿ, ಸಿಕ್ಕಷ್ಟು ಹಣತೆ ಹಚ್ಚಿದೆ. ಎರಡು ನೆರಳು ಬಿದ್ದವು. ನಿನ್ನೆ ಸಂಜೆ ಎರಡೂ ಒಂದೇ ಬಣ್ಣದ ಕಪ್ಪಾಗಿದ್ದವು. ಈಗ ಹಣತೆಗಳಿಂದ ಬಿದ್ದ ನೆರಳು ನೀಲಿಯಾಗಿತ್ತು, ಬಟ್ಟೆಗೆ ಹಾಕುವ ನೀಲಿಯ ಹಾಗೆ. ಆ ನೆರಳಿನೊಳಗೆ ಹಣತೆಯ ಬೆಳಕು ಬೀಳುವುದಿಲ್ಲ, ಚಿಕ್ಕಿಯ ಬೆಳಕಷ್ಟೇ ಬೀಳುತ್ತದೆ. ಚಿಕ್ಕಿ ದೀಪಕ್ಕಿಂತ ಎಷ್ಟೋ ಹೆಚ್ಚು ಬಿಳಿಯಾಗಿಲ್ಲದೆ ಅದು ಹಾಗೆ ಕಾಣುವುದು ಸಾಧ್ಯವಿರಲಿಲ್ಲ. ಹಣತೆಗಳನ್ನು ಉರಿಯಲು ಬಿಟ್ಟು ಎದ್ದೆ.

ಮೋನಪ್ಪನ ಬಾಗಿಲು ಬಡಿದೆ. ವಿಷಯ ಕೇಳಿ ಅವನ ಮುಖ ಬಿಗಿಯಿತು. "ನನ್ನ ಕಣ್ಣಿಗೆ ಪೊರಿ ಬಂದೈತಿ ಅಂತ ಹೇಳಾಕ ಬಂದೀಯೇನು?" ಅಂದ. ನಾನು ವಾದ ಮಾಡಲಿಲ್ಲ. ಬೆಳಕು ಹರಿಯುವ ಮೊದಲು ಒಂದು ಸಲ ಬಂದು ನೋಡು, ಆಮೇಲೆ ಏನು ಬೇಕಾದರೂ ಅನ್ನು ಎಂದೆ. ಕಂಬಳಿ ಹೊದ್ದು ಗೊಣಗುತ್ತಲೇ ಬಂದ. ಬಂದವನು ತಲೆಯೆತ್ತಿ ನೋಡಿ, ಹಾಗೆಯೇ ಚಪ್ಪಡಿಯ ಮೇಲೆ ಕುಸಿದು ಕೂತ.

"ಇಂಥಾ ಬಿಳುಪು ನನ್ನ ಕುಲಿಮ್ಯಾಗ ಒಮ್ಮೆನೂ ಬಂದಿಲ್ಲ," ಅಂದ. ಕಣ್ಣುಜ್ಜಿಕೊಂಡು, "ಸಂಜಿಗೆ ಇದೇ ಕಣ್ಣಿಲೆ ಕೆಂಪ ಕಂಡೀನಿ. ಯಾವುದನ್ನ ಖರೇ ಅನ್ಲಿ?" ಎಂದು ಕೇಳಿದ.

ಚಿಕ್ಕಿಯೇ ಸಂಜೆ ತಣ್ಣಗಾಗಿ ನಸುಕಿಗೆ ಕಾಯುತ್ತದೋ ಏನೋ ಎಂದು ನನಗೆ ಅನ್ನಿಸಿತು. ಅವನು ಏಳಲು ಹೊರಟು ಚಪ್ಪಡಿಯ ಮೇಲೆ ಕೈಯೂರಿದ, ತೆಗೆದು ನೋಡಿಕೊಂಡ. ಅಂಗೈಗೆ ಹಸಿ ಹಿಟ್ಟಿನಂಥದ್ದು ಮೆತ್ತಿಕೊಂಡಿತ್ತು. ಸಂಜೆ ನಾನು ಒರೆಸಿಟ್ಟು ಹೋದ ಚಪ್ಪಡಿ ಅದು. ಜೋಳದ ಹೊಟ್ಟಿನ ಧೂಳು ಇಬ್ಬನಿಯ ಜೊತೆ ಇಳಿದು ಅದರ ಮೇಲೆಲ್ಲ ಕೂತಿತ್ತು. ಮೋನಪ್ಪ ಬೆರಳುಗಳನ್ನು ಉಜ್ಜಿ ಉಜ್ಜಿ ನೋಡಿದ. ನಾನು ಅವನ ಮುಖ ನೋಡಿದೆ. ನಮ್ಮ ಓಣಿಯ ಬೆನ್ನಿಗೇ ಕಣಗಳಿವೆ. ಸಂಜೆ ಗಾಳಿ ಬಿಟ್ಟ ಕೂಡಲೆ ಎಲ್ಲರೂ ಜೋಳ ತೂರುತ್ತಾರೆ. ಆ ಧೂಳು ಮಾಳಿಗೆಗಳ ಮೇಲೆ ತೆಳ್ಳಗೆ ನಿಂತು, ರಾತ್ರಿ ಇಬ್ಬನಿ ಬಿದ್ದ ಮೇಲಷ್ಟೇ ಇಳಿಯುತ್ತದೆ. ಬೇರೆ ವರ್ಷ ಚಿಕ್ಕಿ ಬರುವ ಹೊತ್ತಿಗೆ ರಾಶಿ ಮುಗಿದಿರುತ್ತಿತ್ತು. ಧೂಳಿನ ನಡುವೆ ನಿಂತು ಚಿಕ್ಕಿ ಅಳೆಯುವ ಪ್ರಸಂಗ ನಮಗೆ ಬಂದೇ ಇರಲಿಲ್ಲ.

ಹೊತ್ತು ಮೂಡಿತು. ಹಾರೆ, ಸಲಿಕೆ ಹಿಡಿದು ಜನ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತು, ಅಳತೆ ಇನ್ನೊಮ್ಮೆ ಆಗಬೇಕು ಎಂದೆ. ಕಂಡದ್ದನ್ನೆಲ್ಲ ಹೇಳಿದೆ. ಮೋನಪ್ಪನೂ ಹೇಳಿದ. ಗುಂಪಿನಲ್ಲಿ ಗುಸುಗುಸು ಎದ್ದಿತು. ಬೇರೆಯವರ ಮನೆಯ ಮೇಲಿದ್ದಾಗ ಕೆಂಪಾಗಿದ್ದ ಚಿಕ್ಕಿ ಇವರ ಮನೆಯ ಮೇಲೆ ಬಂದಾಗ ಬಿಳಿಯಾಗುತ್ತದೆ ಎಂದು ಹಿಂದಿನಿಂದ ಯಾರೋ ಅಂದರು. ಮಾತು ಮೈಗೆ ಚುಚ್ಚಿತು, ಆದರೆ ಅಂದವರದು ತಪ್ಪೆಂದು ಹೇಗೆ ಹೇಳಲಿ? ಗೌಡರು ತುಟಿ ಕಚ್ಚಿಕೊಂಡು ನಿಂತಿದ್ದರು. ಅಳತೆ ಹುಸಿಯಾದರೆ ನೆರೆಯ ಎರಡು ಮನೆಯವರೂ ಗೋಡೆಯಡಿ ಸಿಗುತ್ತಾರೆ. ಆ ಭಾರ ಅವರದು.

ಎಲ್ಲರ ಕಣ್ಣು ಕಾಶವ್ವನ ಕಡೆ ಹೊರಳಿತು. ಅವಳ ಮನೆ ಬಿಚ್ಚಿಸಿದ್ದು ನನ್ನ ಮತ್ತು ಮೋನಪ್ಪನ ಅಳತೆಯೇ. ಬಿಚ್ಚಿದ ತೊಲೆಗಳನ್ನು ಮತ್ತೆ ಏರಿಸಿಕೊಳ್ಳುವುದರಲ್ಲಿ ಅವಳ ಎರಡು ವರ್ಷ ಹೋಗಿತ್ತು. ಅವಳು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ನನ್ನ ಮನಿ ಬಿಚ್ಚಿದಾಗ ಅಳತಿ ಖರೇ ಇತ್ತು. ಚಿಕ್ಕಿ ಬಂದು ಕುಂತಾಗ ಒಂದ್ ಗೇಣ ಜಾಗಾ ಉಳಿದಿದ್ದಿಲ್ಲ, ಕಣ್ಣಾರೆ ನೋಡೀನಿ. ಅದಕ್ಕ ನನಗ ಇವತ್ತಿಗೂ ಸಂಕಟಿಲ್ಲ," ಅಂದಳು. "ಖರೇ ಅಳತಿಗೆ ಮನಿ ಬಿಚ್ಚೂದ ಬ್ಯಾರೆ, ಸುಳ್ಳ ಅಳತಿಗೆ ಬಿಚ್ಚೂದ ಬ್ಯಾರೆ. ಇನ್ನೊಮ್ಮೆ ಅಳೀರಿ. ಒಳಗ ಬಸರಿ ಹೆಣ್ಮಗಳು ಅದಾಳ."

ಅಷ್ಟು ಹೇಳಿ ನನ್ನ ಪಕ್ಕಕ್ಕೆ ಬಂದು ನಿಂತಳು. ಹಾರೆಗಳು ಒಂದೊಂದಾಗಿ ನೆಲಕ್ಕೆ ಇಳಿದವು. ಧೂಳಿನಿಂದ ಬಣ್ಣ ಬದಲಾಗುತ್ತದೆ ಎಂಬುದನ್ನು ಎಲ್ಲರ ಕಣ್ಣಿಗೆ ತೋರಿಸಬೇಕು, ಆಮೇಲೆ ಅಳತೆ ಎಂದು ಗೌಡರು ಹೇಳಿದರು.

ತೋರಿಸಿದ್ದು ಮೋನಪ್ಪ. ಸಂಜೆ ಗಾಳಿ ಊದುವ ತಿದಿಯನ್ನು ಕಣದ ಆಚೆ ದಂಡೆಗೆ ಹೊತ್ತುಕೊಂಡು ಹೋಗಿ ಅಲ್ಲೊಂದು ಕುಲುಮೆ ಹೂಡಿದ. ಗೌಡರು ತಮ್ಮ ತಮ್ಮನನ್ನು ಅವನ ಪಕ್ಕದಲ್ಲಿ ನಿಲ್ಲಿಸಿದರು. ನಾವೆಲ್ಲ ಈಚೆ ನಿಂತೆವು. ನಡುವೆ ಎಂದಿನಂತೆ ತೂರುವುದು ನಡೆದಿತ್ತು, ಹೊಟ್ಟು ಹಾರಿ ಧೂಳು ಪರದೆ ಕಟ್ಟಿತ್ತು. ಮೋನಪ್ಪ ಇಕ್ಕಳದಲ್ಲಿ ಕಬ್ಬಿಣ ಎತ್ತಿ ಹಿಡಿದ. ನಮಗೆ ಕಂಡದ್ದು ಕೆಂಪು, ಹಣ್ಣುಮೆಣಸಿನಕಾಯಿಯ ಕೆಂಪು. ಆಚೆಯಿಂದ ಗೌಡರ ತಮ್ಮ, ಕಣ್ಣು ಬಿಡಲಾಗದಷ್ಟು ಬೆಳ್ಳಗಿದೆ ಎಂದು ಕೂಗಿ ಹೇಳಿದ. ಗೌಡರು ತೂರುವವರಿಗೆ ಕೈ ಮಾಡಿದರು. ಮೊರಗಳು ನಿಂತವು, ಹೆಂಗಸರು ಕೊಡ ತಂದು ಕಣದ ತುಂಬ ನೀರು ಚಿಮುಕಿಸಿದರು. ಧೂಳು ಇಳಿಯುವ ತನಕ ಎಲ್ಲರೂ ಕಾದರು. ಮೋನಪ್ಪ ಅದೇ ಕಬ್ಬಿಣವನ್ನು ಮತ್ತೆ ಅಷ್ಟೇ ಕಾಯಿಸಿ ಎತ್ತಿದ. ಈ ಸಲ ನಮ್ಮ ಕಡೆಗೂ ಅದು ಬಿಳಿಯಾಗಿತ್ತು.

ಗೌಡರು ಪಶ್ಚಿಮಕ್ಕೆ ತಿರುಗಿ, ಸುಗ್ಗಿಯಲ್ಲಿ ಮುಳುಗುವ ಸೂರ್ಯ ಕೆಂಪಾಗಿ ಕಾಣುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಯಾಕೆ ಅಂತ ಕೇಳಿಕೊಂಡಿರಲಿಲ್ಲ ಎಂದರು. ಚಿಕ್ಕಿ ಇಳಿಯುವ ತನಕ ಯಾರೂ ತೂರಬಾರದು ಎಂದು ಅಲ್ಲೇ ಹೇಳಿದರು. ರಾಶಿಯವರು ಮುಖ ಸಣ್ಣ ಮಾಡಿಕೊಂಡರೂ ಒಪ್ಪಿದರು.

ಮರುದಿನ ಕಣಗಳು ಸುಮ್ಮನಿದ್ದವು. ಸಂಜೆಯಾಗುತ್ತಲೇ ಜನ ತಾವಾಗಿಯೇ ಬಂದು ಓಣಿಯಲ್ಲಿ ನಿಂತರು. ಬಾನು ಮಬ್ಬಾಗುತ್ತಿದ್ದಂತೆ ಚಿಕ್ಕಿ ಕಂಡಿತು. ಬೆಳ್ಳಗಿತ್ತು. ಜನರ ಬಾಯಿಂದ ಒಂದೇ ಸಲಕ್ಕೆ ಉಸಿರು ಹೊರಬಿದ್ದದ್ದು ಕೇಳಿಸಿತು. ಆದರೆ ನನಗೆ ಇನ್ನೂ ಉಸಿರು ಬಿಡುವ ಹಾಗಿರಲಿಲ್ಲ. ಧೂಳು ಬಣ್ಣವನ್ನಷ್ಟೇ ಕೆಡಿಸಿರಲಿಲ್ಲ, ಬೆಳಕನ್ನೂ ನುಂಗಿತ್ತು. ನೆರಳು ಸಮ ಮಾಡಲು ಮೊದಲಿನ ಎರಡು ಪಟ್ಟು ಹಣತೆ ಬೇಕಾಯಿತು. ಹಣತೆ ಹೆಚ್ಚಿದಂತೆಲ್ಲ ಮುತ್ತಣ್ಣನ ಮುಖ ಇಳಿಯುತ್ತ ಹೋಯಿತು. ಮೋನಪ್ಪ ಮಾತ್ರ ಚಿಕ್ಕಿಯಿಂದ ಕಣ್ಣು ತೆಗೆಯದೆ, ನಾವು ಮೊದಲು ಹೇಳಿದ ಬಿಸಿಯ ಮೂರು ಪಟ್ಟು ಬಿಸಿ ಇದೆ, ಕಡಿಮೆಯಂತೂ ಇಲ್ಲ ಎಂದ.

ಲೆಕ್ಕಕ್ಕೆ ಕೂತೆ. ಬೆಳಕು ಎರಡು ಪಟ್ಟಾದದ್ದಕ್ಕೆ ಅಗಲ ಸ್ವಲ್ಪ ಹಿಗ್ಗಿತು. ಬಿಸಿ ಮೂರು ಪಟ್ಟಾದದ್ದಕ್ಕೆ ಅದೇ ಅಗಲ ಒಂಬತ್ತರಲ್ಲಿ ಒಂದು ಪಾಲಿಗೆ ಕುಗ್ಗಿತು. ಎರಡನ್ನೂ ಸೇರಿಸಿದರೆ ಒಂದೂವರೆ ಮಾರಿಗೂ ಕಡಿಮೆ. ನಂಬಿಕೆಯಾಗದೆ ಅಳಿಸಿ ಮತ್ತೆ ಮಾಡಿದೆ. ಮೋನಪ್ಪ ಬೇರೆ ಮಾಡಿದ. ಅಷ್ಟೇ ಬಂತು. ಒಂಬತ್ತು ಮಾರು ಎಲ್ಲಿ, ಒಂದೂವರೆ ಮಾರು ಎಲ್ಲಿ. ಮುತ್ತಣ್ಣ ಮನೆಯೊಳಗೆ ಓಡಿದ. ಸ್ವಲ್ಪ ಹೊತ್ತಿಗೆ ದಾನಮ್ಮ ಅಳುವುದು ಕೇಳಿಸಿತು, ಆಮೇಲೆ ಇಬ್ಬರೂ ಅಳುವುದು ಕೇಳಿಸಿತು. ನಾವು ಹೊರಗಿದ್ದವರು ಹಣತೆ ಆರಿಸುವ ನೆಪದಲ್ಲಿ ಅತ್ತಿತ್ತ ತಿರುಗಿಕೊಂಡೆವು.

ಉಳಿದದ್ದು ಅದನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ. ಸಣ್ಣದಾದರೂ ಅಂಥ ಬಿಸಿಯನ್ನು ಅಂಗಳದಲ್ಲಿ ಬಿಡುವ ಹಾಗಿರಲಿಲ್ಲ. ನೆಲದ ಮೇಲೆ ಬೇಡ ಎಂದ ಮೋನಪ್ಪ. ನೆಲದೊಳಗೆ ಆದೀತೆ ಎಂದು ಕಾಶವ್ವ ಕೇಳಿದಳು. ನಮ್ಮ ಮನೆಯ ಮುಂದೆ ಜೋಳ ತುಂಬುವ ಹಗೇವು ಇತ್ತು. ರಾಶಿ ಮುಗಿಯದೆ ಇದ್ದದ್ದರಿಂದ ಅದಿನ್ನೂ ಬರಿದಾಗಿತ್ತು. ಒಳಗೆ ಅಗಲ ಸಾಕು, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟೇ ಇತ್ತು, ಅದನ್ನು ಅಗಲ ಮಾಡಬೇಕಿತ್ತು. ಮರುದಿನ, ಮನೆ ಬಿಚ್ಚಲು ತಂದ ಹಾರೆಗಳೇ ಆ ಕೆಲಸಕ್ಕೂ ಬಂದವು. ನಡುಮನೆಯ ಮಂಚ ಅಲುಗಬಾರದೆಂದು ಗಂಡಸರು ಹಾರೆಯನ್ನು ಎತ್ತಿ ಹಾಕದೆ, ಮಣ್ಣನ್ನು ಕೆರೆದು ಕೆರೆದು ತೆಗೆದರು. ಗುಂಪಿನ ಹಿಂದಿನಿಂದ ಚುಚ್ಚಿ ಮಾತಾಡಿದವರು ಯಾರು ಎಂದು ನನಗೆ ಕಡೆಗೂ ತಿಳಿಯಲಿಲ್ಲ. ಬಹುಶಃ ಅವರೂ ಅಲ್ಲೇ ಕೆರೆಯುತ್ತಿದ್ದಿರಬೇಕು. ಹೆಂಗಸರು ಮನೆಮನೆಯಿಂದ ಒಲೆಯ ಬೂದಿ ತಂದು ತಳಕ್ಕೆ ದಪ್ಪಗೆ ಹಾಸಿದರು. ಮಧ್ಯಾಹ್ನ ಎಲ್ಲರಿಗೂ ನಮ್ಮಲ್ಲೇ ರೊಟ್ಟಿ, ಪುಂಡಿಪಲ್ಯ.

ಚಿಕ್ಕಿ ಇಳಿದದ್ದು ಅದೇ ಸಂಜೆ, ಹೊತ್ತು ಮುಳುಗಿದ ಕೂಡಲೆ. ನೆರೆಯವರು ಪಾತ್ರೆಗಳನ್ನು ಒಳಗೆ ತಂದುಕೊಂಡಿದ್ದರೂ ತಾವು ಮಾತ್ರ ಹೊರಗೇ ನಿಂತಿದ್ದರು. ನಾನು ಬೈಯಲಿಲ್ಲ. ನನ್ನ ಅಳತೆಯನ್ನು ನಾನೇ ಪೂರ್ತಿ ನಂಬಿರಲಿಲ್ಲ. ಬೆಳಕು ಬೆಳೆಯುತ್ತ ಬಂದು ಓಣಿಯ ನೆರಳುಗಳೆಲ್ಲ ಕಾಲಡಿಗೆ ಸೇರಿದವು. ಗೋಡೆಯ ಬಿರುಕುಗಳು, ಮುದುಕರ ಮುಖದ ಗೆರೆಗಳು, ಎಲ್ಲ ಹಗಲಿಗಿಂತ ನಿಚ್ಚಳವಾಗಿ ಕಂಡವು. ಸೆರಗು ಅಡ್ಡ ಹಿಡಿದು ನೋಡಿದೆ. ಮಾಳಿಗೆಯ ಹತ್ತಿರ ಬಂದದ್ದು ಒಂದು ಕ್ಷಣ ತಡೆಯಿತು. ಒಳಗೆ ತೊಲೆಯ ಸಂದಿನಿಂದ ಒಂದು ಹಿಡಿ ಮಣ್ಣು ಸುರಿದ ಸದ್ದು. ಮುತ್ತಣ್ಣ ದಾನಮ್ಮನ ಮೇಲೆ ಬಾಗಿ ಅವಳನ್ನು ಮುಚ್ಚಿಕೊಂಡನಂತೆ. ಆಮೇಲೆ ಚಿಕ್ಕಿ ಮೆಲ್ಲಗೆ ಅಂಗಳದ ಕಡೆ ವಾಲಿ, ಹಗೇವಿನ ಬಾಯಿಗೆ ಬಂದು, ನೀರಿಗೆ ಕೊಡ ಇಳಿದ ಹಾಗೆ ಒಳಗಿಳಿಯಿತು. ಸುತ್ತ ಒಂದು ಗೇಣು ಜಾಗ ಉಳಿದಿತ್ತು. ಗಂಡಸರು ಉದ್ದ ಗಳ ಹಿಡಿದು ಚಪ್ಪಡಿಗಳನ್ನು ಸರಿಸಿ ಬಾಯಿ ಮುಚ್ಚಿದರು. ಸಂದುಗಳಿಂದ ಬೆಳಕಿನ ಎಳೆಗಳು ಮೇಲೆದ್ದವು, ಅಷ್ಟೇ.

ನಾನು ಕಟ್ಟೆಯ ಮೇಲೆ ಕೂತೆ. ಮೋನಪ್ಪ ಪಕ್ಕದಲ್ಲಿ ಕೂತು ಎಲೆಯಡಿಕೆ ಕೊಟ್ಟ. ಇಬ್ಬರೂ ಅದನ್ನು ಅಗಿದೆವು. ನೆರೆಯವರು ತಮ್ಮ ತಮ್ಮ ಮನೆಗಳಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ ಸದ್ದು ಕೇಳಿತು. ಬಾಗಿಲು ಮುಚ್ಚುವ ಸದ್ದು ಅಷ್ಟು ಹಿತವಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ಚಿಕ್ಕಿ ಇನ್ನೂ ಹಗೇವಿನಲ್ಲಿದ್ದಾಗಲೇ ಒಂದು ಬೆಳಿಗ್ಗೆ ದಾನಮ್ಮನಿಗೆ ಬೇನೆ ಬಂತು, ಮಧ್ಯಾಹ್ನದೊಳಗೆ ಹೆಣ್ಣುಮಗು. ಹುಸೇನಬಿ ಕೂಸನ್ನು ಎತ್ತಿ ತೋರಿಸುವಾಗ ನಗುತ್ತಲೂ ಇದ್ದಳು, ನಮ್ಮನ್ನು ಬೈಯುತ್ತಲೂ ಇದ್ದಳು. ಇಷ್ಟು ದಿನ ನನ್ನ ಜೀವ ಹಿಂಡಿಬಿಟ್ಟಿರಿ ಎಂದು. ಹಗೇವಿನ ಬಿಸಿ ನೆಲದಡಿಯಿಂದ ಹರಿದು ನಡುಮನೆ ಬೆಚ್ಚಗಿತ್ತು. ಬಾಣಂತಿಯ ಮಂಚದಡಿ ಕೆಂಡ ಇಡುವ ಕೆಲಸವೇ ಬೀಳಲಿಲ್ಲ. ಓಣಿಯವರೆಲ್ಲ ಚಪ್ಪಡಿಗಳ ಮೇಲೆ ನೀರಿನ ಕೊಡ ಇಟ್ಟು ಕಾಯಿಸಿಕೊಂಡು ಹೋಗುತ್ತಿದ್ದರು. ಬಂದವರೆಲ್ಲ ಕೂಸಿಗೆ ಚಿಕ್ಕಿಯ ಹೆಸರಿಡಿ ಎಂದರು. ದಾನಮ್ಮ ಒಪ್ಪದೆ ತನ್ನ ಅಜ್ಜಿಯ ಹೆಸರಿಟ್ಟಳು, ಸಿದ್ದಮಲ್ಲವ್ವ ಎಂದು. ಅಷ್ಟು ಸಣ್ಣ ಕೂಸಿಗೆ ಅಷ್ಟು ದೊಡ್ಡ ಹೆಸರೇ ಎಂದು ಮುತ್ತಣ್ಣ ಕೇಳಿದ್ದಕ್ಕೆ, ಬೆಳೆಯುತ್ತಾಳೆ ಬಿಡಿ ಎಂದಳು.

ಚಿಕ್ಕಿ ಹೊರಡುವ ಸಂಜೆ ದಾನಮ್ಮ ಹೊರಗೆ ಬರುತ್ತೇನೆಂದು ಹಟ ಹಿಡಿದಳು. ಬಾಣಂತಿಗೆ ಗಾಳಿ ತಾಗಬಾರದು ಎಂದರೂ ಕೇಳಲಿಲ್ಲ. ತಲೆಗೆ ಕಿವಿಗೆ ಬಟ್ಟೆ ಬಿಗಿದು, ಕಂಬಳಿ ಹೊದಿಸಿ, ನಾನೊಂದು ಕಡೆ ಕಾಶವ್ವ ಒಂದು ಕಡೆ ಹಿಡಿದುಕೊಂಡು ಹೊಸ್ತಿಲು ದಾಟಿಸಿದೆವು. ಎಷ್ಟೋ ತಿಂಗಳ ಮೇಲೆ ನೆಲ ತುಳಿದವಳು ಅವಳು. ಒಂದೊಂದು ಹೆಜ್ಜೆಯನ್ನೂ ನೋಡಿ ನೋಡಿ ಇಟ್ಟಳು. ಗಂಡಸರು ಚಪ್ಪಡಿಗಳನ್ನು ಸರಿಸಿದರು. ಚಿಕ್ಕಿ ಬೂದಿ ಉದುರಿಸಿಕೊಳ್ಳುತ್ತ ಮೇಲೆ ಬಂದು, ಅಂಗಳದಲ್ಲಿ ನಮ್ಮ ಎದೆಯ ಎತ್ತರಕ್ಕೆ ನಿಂತಿತು. ದಾನಮ್ಮ ಸೆರಗನ್ನು ಎರಡು ಮಡಿಕೆ ಮಾಡಿ ಕಣ್ಣಿಗೆ ಅಡ್ಡ ಹಿಡಿದು ಅದನ್ನು ನೋಡಿದಳು. ಮೇಲಿಂದ ಕೆಳಗೆ ನೋಡಿದಳು, ಈ ಅಂಚಿನಿಂದ ಆ ಅಂಚಿಗೆ ನೋಡಿದಳು.

"ಇಷ್ಟ ಐತೇನ್ರೀ, ಅತ್ತೀ?" ಎಂದಳು.

ಇಷ್ಟೇ ಎಂದೆ.

ಅವಳಿಗೆ ನಗು ಬಂತು. ನಗಬಾರದು, ಹೊಟ್ಟೆ ಇನ್ನೂ ಹಸಿ ಇದೆ ಎಂದು ಕಾಶವ್ವ ಗದರಿದಳು, ಗದರುತ್ತಲೇ ಅವಳೂ ನಗತೊಡಗಿದಳು. ಚಿಕ್ಕಿ ಮಾಳಿಗೆಯನ್ನು ದಾಟಿ ಏರುತ್ತ ಏರುತ್ತ ಚುಕ್ಕೆಯಾಗುವ ತನಕ ನಾವು ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತ ಅಂಗಳದಲ್ಲೇ ನಿಂತಿದ್ದೆವು. ಒಳಗೆ ಕೂಸು ಎದ್ದು ಅಳತೊಡಗಿತು. ಹೋದರಾಯಿತು ಎಂದುಕೊಂಡು ಇನ್ನೂ ಒಂದಿಷ್ಟು ಹೊತ್ತು ಅಲ್ಲೇ ನಿಂತೆವು.